ಜಿಎನ್‌ಎಂ ಸೇರೋದಾ, ಲ್ಯಾಬ್ ಡಿಪ್ಲೊಮಾ ಸೇರೋದಾ?

ಪಿಯುಸಿ ಮುಗಿಸಿ ಆಸ್ಪತ್ರೆ ಕೆಲಸಕ್ಕೆ ಹೋಗಬೇಕು ಅನ್ನುವವರು ಹೆಚ್ಚಾಗಿ ಈ ಎರಡರ ನಡುವೆಯೇ ತೂಗಾಡುತ್ತಾರೆ.

ಜಿಎನ್‌ಎಂ ಅಂದರೆ 3 ವರ್ಷದ ನರ್ಸಿಂಗ್ ಡಿಪ್ಲೊಮಾ. ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಲ್ಯಾಬ್ ಟೆಕ್ನೀಷಿಯನ್ ಓದು, ಅಂದರೆ ಡಿಎಂಎಲ್‌ಟಿ, ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಬೋರ್ಡ್ ಕೆಳಗೆ ಬರುತ್ತದೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ 3 ವರ್ಷ, ಪಿಯುಸಿ ಸೈನ್ಸ್ ಆಗಿದ್ದರೆ 2 ವರ್ಷ.

ಆದರೆ ವರ್ಷದ ಲೆಕ್ಕಕ್ಕಿಂತ ದಿನದ ಕೆಲಸ ಹೇಗಿರುತ್ತೆ ಅನ್ನೋದು ಮುಖ್ಯ. ನರ್ಸ್ ಆದರೆ ಇಡೀ ಪಾಳಿ ಮನುಷ್ಯರ ಜೊತೆ. ರಾತ್ರಿ 2 ಗಂಟೆಗೆ ಡ್ರಿಪ್ ಬದಲಿಸಬೇಕು, ಬೆಡ್‌ಪ್ಯಾನ್ ಇಡಬೇಕು, "ಸಿಸ್ಟರ್, ಅಪ್ಪಂಗೆ ಉಸಿರು ಕಟ್ತಿದೆ" ಅಂದಾಗ ಓಡಬೇಕು. ಲ್ಯಾಬ್‌ನಲ್ಲಿ ರೋಗಿ ಎದುರಿಗಿರೋದು ರಕ್ತ ತೆಗೆಯುವಷ್ಟು ಹೊತ್ತು ಮಾತ್ರ. ರಕ್ತಕಣ ಎಣಿಸೋಕೆ ನೇರಳೆ ಮುಚ್ಚಳದ ಟ್ಯೂಬ್, ಶುಗರ್‌ಗೆ ಬೂದು. ಅದರ ಮೇಲೆ ಹೆಸರು ಅದಲುಬದಲಾದರೆ ಯಾರದೋ ರಿಪೋರ್ಟ್ ಇನ್ನಾರಿಗೋ ಹೋಗುತ್ತದೆ. ಹಾಗಾಗಿ ಆರಾಮದ ಕೆಲಸ ಅಂತ ಸುಮ್ನೆ ಅಂದ್ಕೋಬೇಡಿ. ದೊಡ್ಡ ಆಸ್ಪತ್ರೆಗಳ ಲ್ಯಾಬ್‌ನಲ್ಲೂ ನೈಟ್ ಡ್ಯೂಟಿ ಇದೆ.

ಮುಂದೆ ಓದುವ, ಹೊರದೇಶಕ್ಕೆ ಹೋಗುವ ಆಸೆ ಇದ್ದರೆ ನನ್ನ ಓಟು ನರ್ಸಿಂಗ್‌ಗೆ. ಜಿಎನ್‌ಎಂ ಆದ ಮೇಲೆ 2 ವರ್ಷದಲ್ಲಿ ಪೋಸ್ಟ್ ಬೇಸಿಕ್ ಬಿಎಸ್ಸಿ ಅನ್ನುವ ನರ್ಸಿಂಗ್ ಪದವಿ ಮಾಡಬಹುದು. ಜನರ ಗಲಾಟೆ ಆಗಲ್ಲ, ಆದರೆ ಕೈ ನಡುಗಲ್ಲ ಅನ್ನುವವರಿಗೆ ಲ್ಯಾಬ್ ಸರಿ.

ಯಾವುದೇ ಆಗಲಿ, ಫೀಸು ಕಟ್ಟುವ ಮುಂಚೆ ಕಾಲೇಜಿಗೆ ಮಾನ್ಯತೆ ಇದೆಯಾ, ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಅಂತ ಕೇಳಿ. ಆ ಆಸ್ಪತ್ರೆಗೆ ಒಮ್ಮೆ ಹೋಗಿ ನೋಡಿಯೇ ಬನ್ನಿ.