ಎರಡನೇ ಟಿವಿಗೆ ಎಚ್‌ಡಿಎಂಐ ಸ್ಪ್ಲಿಟರೋ, ಇನ್ನೊಂದು ಎಚ್‌ಡಿ ಬಾಕ್ಸೋ?

ಹಾಲ್‌ನಲ್ಲಿರುವ ಡಿಟಿಎಚ್ ಬಾಕ್ಸ್‌ನ ಚಿತ್ರವನ್ನೇ ಒಳಕೋಣೆಯ ಟಿವಿಗೂ ಒಯ್ಯಲು ಎಚ್‌ಡಿಎಂಐ ಸ್ಪ್ಲಿಟರ್ (ಬಾಕ್ಸ್‌ನಿಂದ ಬರುವ ಚಿತ್ರ-ಧ್ವನಿಯನ್ನು ಎರಡು ಟಿವಿಗೆ ಹಂಚುವ ಸಾಧನ) ಸಾಕು, ಮಾಸಿಕ ಶುಲ್ಕವೂ ಹೆಚ್ಚುವುದಿಲ್ಲ. ಆದರೆ ಎರಡರಲ್ಲೂ ಒಂದೇ ಚಾನೆಲ್ ಬರುವುದರಿಂದ, ಕ್ರಿಕೆಟ್ಟೂ ಧಾರಾವಾಹಿಯೂ ಒಂದೇ ಹೊತ್ತಿಗೆ ಬೇಕೆನ್ನುವ ಮನೆಯ ಜಗಳ ಅದರಿಂದ ತೀರದು. ಅಂಥವರಿಗೆ ಎರಡನೇ ಬಾಕ್ಸೇ ಸರಿ; ಅದರ ಬೆಲೆಯ ಜೊತೆಗೆ ತಿಂಗಳ ಶುಲ್ಕವೂ ಬೀಳುತ್ತದೆಯಾದ್ದರಿಂದ, ಹೊಸ ಸಂಪರ್ಕ ಪಡೆಯುವ ಬದಲು ಈಗಿನ ಖಾತೆಗೇ ಮಲ್ಟಿ ಟಿವಿಯಾಗಿ ಸೇರಿಸುವುದು ಲೇಸು. ಇನ್ನೊಂದು ಡಿಶ್ ಬೇಕಿಲ್ಲ, ಡಿಶ್‌ನ ಮುಂದೆ ಕೂತು ಉಪಗ್ರಹದ ಸಂಕೇತ ಹಿಡಿಯುವ ಎಲ್‌ಎನ್‌ಬಿಗೆ ಮಾತ್ರ ಎರಡು ಔಟ್‌ಪುಟ್ ಇರಬೇಕು. ಬಾಕ್ಸು ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳುಹಿಸಿ ತನಗೆ ಬೇಕಾದ ಧ್ರುವೀಕರಣವನ್ನು (ಸಂಕೇತದ ಅಲೆ ಕಂಪಿಸುವ ದಿಕ್ಕನ್ನು) ಆರಿಸಿಕೊಳ್ಳುವುದರಿಂದ, ಡಿಶ್‌ನಿಂದ ಬರುವ ಒಂದೇ ಕೇಬಲನ್ನು ಸಾಧಾರಣ ಸ್ಪ್ಲಿಟರ್‌ನಿಂದ ಕವಲೊಡೆಸಿದರೆ ಒಂದು ಬಾಕ್ಸ್‌ನ ಆಯ್ಕೆ ಇನ್ನೊಂದರ ಚಾನೆಲ್ಲನ್ನು ಅಳಿಸಿಬಿಡಬಹುದು. ಅಳವಡಿಸಲು ಬಂದವರು ಈ ಅಡ್ಡದಾರಿ ಸೂಚಿಸಿದರೆ ಒಪ್ಪಬೇಡಿ.