ಸ್ಟೀರಿಂಗಿನ ಭಾರ ಇಳಿಸಿದ ಗುಂಡಿ: ಪವರ್ ಟ್ರಿಮ್ ಇರುವ 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್

ಸೀತಾ ಮತ್ತು ಸ್ವರ್ಣಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆಯ ಆಸುಪಾಸಿನಲ್ಲಿ ನಮ್ಮ ಫೈಬರ್ ದೋಣಿ ಓಡುತ್ತದೆ. ಅದರ ಹಿಂಬದಿಗೆ ಹೊರಗಿನಿಂದ ಕೂರಿಸಿದ ಔಟ್‌ಬೋರ್ಡ್ ಎಂಜಿನ್ನಿಗೆ ಪವರ್ ಟ್ರಿಮ್ ಇದೆ, ಅಂದರೆ ಎಂಜಿನ್ ನಿಲ್ಲುವ ಕೋನವನ್ನು (ಟ್ರಿಮ್) ಓಡುತ್ತಿರುವಾಗಲೇ ಗುಂಡಿ ಒತ್ತಿ ಬದಲಿಸಬಹುದು. ಈ ವರ್ಗದ ಎಂಜಿನ್ನುಗಳ ವೇಗ ಹಾಗೂ ಪೆಟ್ರೋಲ್ ಖರ್ಚಿನ ವಿವರ ಎಲ್ಲೆಡೆ ಸಿಗುತ್ತದೆಯಾದ್ದರಿಂದ, ಸ್ಟೀರಿಂಗ್ ಹಿಡಿದ ಕೈಗೆ ಆಗುವ ಶ್ರಮದ ಬಗ್ಗೆ ಮಾತ್ರ ಬರೆಯುತ್ತೇನೆ.

ಹೊಸದರಲ್ಲಿ ಈ ಎಂಜಿನ್ ನನಗೆ ತೀರಾ ಬೇಸರ ತರಿಸಿತ್ತು. ವೇಗ ಹೆಚ್ಚಿಸಿದ ಕೂಡಲೇ ದೋಣಿ ಬಲಕ್ಕೆ ಎಳೆಯುತ್ತಿತ್ತು. ನೇರ ಹಿಡಿದಿಟ್ಟುಕೊಳ್ಳುವುದರಲ್ಲೇ ಭುಜ ಸೋತುಹೋಗುತ್ತಿತ್ತು. ಎಂಜಿನ್ ಕೂರಿಸಿಕೊಟ್ಟವರು ಕೇಬಲ್ ಬದಲಿಸಿ ಎಂದಷ್ಟೇ ಹೇಳಿ ಕೈತೊಳೆದುಕೊಂಡರು. ಕೇಬಲ್ ತುಕ್ಕು ಹಿಡಿದಿದ್ದರೆ ದೋಣಿ ನಿಂತಿರುವಾಗಲೂ ಸ್ಟೀರಿಂಗ್ ಬಿಗಿಯಾಗಿರಬೇಕಲ್ಲವೇ? ನಮ್ಮದು ದಕ್ಕೆಯಲ್ಲಿ ಒಂದೇ ಬೆರಳಿಗೆ ತಿರುಗುತ್ತಿತ್ತು.

ಎಳೆತದ ಮೂಲ ಪ್ರೊಪೆಲರಿನಲ್ಲಿದೆ. ಹಿಂದಿನಿಂದ ನೋಡಿದರೆ ಅದು ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತದೆ. ಎಂಜಿನ್ನಿನ ಕೆಳಭಾಗ ದೋಣಿಯತ್ತ ಪೂರ್ತಿ ಒಳಸರಿದಿದ್ದಾಗ ಪ್ರೊಪೆಲರ್ ನೀರಿಗೆ ಓರೆಯಾಗಿ ನಿಲ್ಲುವುದರಿಂದ, ಬಲಗಡೆ ಕೆಳಗಿಳಿಯುವ ಎಲೆ ಎಡಗಡೆ ಮೇಲೇರುವ ಎಲೆಗಿಂತ ಹೆಚ್ಚು ನೂಕುತ್ತದೆ, ಆ ವ್ಯತ್ಯಾಸವೇ ಎಂಜಿನ್ನನ್ನು ತಿರುಚಿ ದೋಣಿಯನ್ನು ಬಲಕ್ಕೆ ಒಯ್ಯುತ್ತದೆ. ಟ್ರಿಮ್ ಹೊರಗೆ ಹೋದಂತೆ, ಅಂದರೆ ಆ ಕೆಳಭಾಗ ದೋಣಿಯಿಂದ ದೂರ ಸರಿದಂತೆ, ಎಳೆತ ಇಳಿದು, ಒಂದು ಹಂತದಲ್ಲಿ ಇಲ್ಲವಾಗಿ, ಇನ್ನೂ ಮುಂದೆ ಹೋದರೆ ಎಡಕ್ಕೆ ಹೊರಳುತ್ತದೆ.

ಇದು ತಿಳಿದ ಮೇಲೆ ನನ್ನ ಬೇಸರ ಅಭಿಮಾನಕ್ಕೆ ತಿರುಗಿತು. ಹೊರಡುವಾಗ ಟ್ರಿಮ್ ಪೂರ್ತಿ ಒಳಗಿರುತ್ತದೆ. ದೋಣಿಯ ಮೂತಿ ಎದ್ದು, ಮತ್ತೆ ಇಳಿದು, ನೀರಿನ ಮೇಲೆ ಸಮನಾಗಿ ಜಾರತೊಡಗುವವರೆಗೆ ಎರಡೂ ಕೈಯಲ್ಲಿ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿಯುತ್ತೇನೆ, ಏಕೆಂದರೆ ಆ ಸ್ಥಿತಿಯಲ್ಲಿ ಹಿಡಿತ ಸಡಿಲಿಸಿದರೆ ದೋಣಿ ಥಟ್ಟನೆ ತಿರುಗಿಬಿಡಬಹುದು. ಆಮೇಲೆ ಟ್ರಿಮ್ಮನ್ನು ಹೊರಗೆ ಸರಿಸಲು ಹೆಬ್ಬೆರಳಿನಿಂದ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತೇನೆ. ಪ್ರತಿ ಒತ್ತಿಗೂ ಅಂಗೈಯ ಭಾರ ಕರಗುವುದು ಸ್ಪಷ್ಟವಾಗಿ ತಿಳಿಯುತ್ತದೆ, ಮತ್ತು ಭಾರ ಪೂರ್ತಿ ಇಳಿದಲ್ಲಿ ನಿಲ್ಲಿಸುತ್ತೇನೆ. ಮೂತಿ ಕುಪ್ಪಳಿಸತೊಡಗಿದರೆ ಅಥವಾ ಎಂಜಿನ್ನಿನ ಸದ್ದು ಒಮ್ಮೆಲೇ ಏರಿದರೆ ಟ್ರಿಮ್ ಅತಿಯಾಯಿತೆಂದೇ ಅರ್ಥ. ಅಳಿವೆಯ ಬಳಿ ಅಲೆ ಎದುರಾದಾಗ ಮೂತಿ ತಗ್ಗಿಸಲು ಟ್ರಿಮ್ಮನ್ನು ಮತ್ತೆ ಒಳಗೆ ತರುತ್ತೇನೆ, ಆಗ ಬಲದ ಎಳೆತವನ್ನು ಸಹಿಸಲೇಬೇಕು.

ಉಳಿದ ಅಲ್ಪಸ್ವಲ್ಪ ಎಳೆತಕ್ಕೆ ಪ್ರೊಪೆಲರಿನ ಮೇಲ್ಗಡೆ ಎಂಜಿನ್ನಿಗೆ ಬೋಲ್ಟ್ ಮಾಡಿರುವ ಪುಟ್ಟ ರೆಕ್ಕೆಯೇ ಮದ್ದು. ಎಂಜಿನ್ ನಿಲ್ಲಿಸಿ, ಅದರ ಬೋಲ್ಟ್ ಸಡಿಲಿಸಿ, ದೋಣಿ ಯಾವ ಕಡೆಗೆ ಎಳೆಯುತ್ತದೋ ರೆಕ್ಕೆಯ ಹಿಂತುದಿಯನ್ನು ಅದೇ ಕಡೆಗೆ ಒಂಚೂರು ತಿರುಗಿಸಬೇಕು. ಇದಕ್ಕೆ ಖರ್ಚೇನೂ ಇಲ್ಲ. ಮಾರುವವರು ಮೊದಲ ದಿನವೇ ಹೇಳಬೇಕಾದ ಈ ಮಾತನ್ನು ನಾನು ಕೈಪಿಡಿಯಲ್ಲಿ ಹುಡುಕಿ ತಿಳಿಯಬೇಕಾಯಿತು.

ಪವರ್ ಟ್ರಿಮ್ಮಿಗೆ ಕೊಡುವ ಹೆಚ್ಚುವರಿ ಹಣ ನಮ್ಮಂಥವರಿಗೆ ಸಣ್ಣದಲ್ಲ. ಹೊಳೆಯಲ್ಲೇ ನಿಧಾನವಾಗಿ ಓಡಾಡುವವರಿಗೆ ಪಿನ್ ಬದಲಿಸಿ ಕೋನ ಹೊಂದಿಸುವ ಸಾದಾ ಎಂಜಿನ್ ಸಾಕು. ಆದರೆ ಒಂದೇ ಓಟದಲ್ಲಿ ಹೊಳೆ, ಅಳಿವೆ, ಸಮುದ್ರ ಮೂರನ್ನೂ ದಾಟುವವರು, ಓಡುತ್ತಿರುವಾಗ ಪಿನ್ ಬದಲಿಸಲಾಗದ ಕಾರಣ, ಈ ಹಣ ಉಳಿಸಲು ಹೋಗಬಾರದು. ನನ್ನ ಎಂಜಿನ್ನಿನ ರೆಕ್ಕೆ ಸತುವಿನದು, ಉಪ್ಪುನೀರಿನಲ್ಲಿ ಸವೆಯುತ್ತದೆ. ನಿಮ್ಮದೂ ಹಾಗಿದ್ದರೆ ಹೊಸದನ್ನು ಹಾಕುವ ಮೊದಲು ಹಳೆಯದರ ಕೋನವನ್ನು ಗುರುತು ಮಾಡಿಟ್ಟುಕೊಳ್ಳಿ.