ಕಲಬುರಗಿಯ ಬಿಸಿಲಿನಲ್ಲಿ ಮೋಟಾರ್‌ಹೋಮ್ ಟೈರ್‌ಗೆ ಎಷ್ಟು ಹವಾ? ಸೆನ್ಸರ್ ಕಿಟ್‌ನ ದೀರ್ಘ ಬಳಕೆಯ ವಿಮರ್ಶೆ

ಟ್ರಾವೆಲರ್ ವ್ಯಾನನ್ನು ಮೋಟಾರ್‌ಹೋಮ್ ಆಗಿ ಮಾರ್ಪಡಿಸಿಕೊಂಡವರು ಮೊದಲು ಏನು ಕೊಳ್ಳಬೇಕು ಎಂದು ಕೇಳಿದರೆ, ಎಸಿಗಿಂತ, ಸೋಲಾರ್ ಪ್ಯಾನಲ್‌ಗಿಂತ ಮೊದಲು ಟೈರ್‌ನ ಹವಾ ತೋರಿಸುವ ಸೆನ್ಸರ್ ಕಿಟ್ ಎನ್ನುತ್ತೇನೆ. ವಾಲ್ವ್‌ನ ಮುಚ್ಚಳ ತೆಗೆದು ಆ ಜಾಗದಲ್ಲಿ ತಿರುಗಿಸಿ ಕೂರಿಸುವ ಪುಟ್ಟ ಸೆನ್ಸರ್‌ಗಳು, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿನಿಂದ ಚಾರ್ಜ್ ಆಗುವ ಒಂದು ಪರದೆ, ಇಷ್ಟೇ ಸಾಮಾನು. ನಮ್ಮ ಗಾಡಿಯಲ್ಲಿ ಇದು ಹಲವು ಬೇಸಿಗೆಗಳನ್ನು ಕಂಡಿದೆ. ಗಾಣಗಾಪುರ, ಬಸವಕಲ್ಯಾಣ, ಬೀದರ್, ಚಿಂಚೋಳಿಯ ಕಾಡು, ಸುರಪುರದ ಬಳಿಯ ಬೋನಾಳ ಪಕ್ಷಿಧಾಮ, ಎಲ್ಲ ಕಡೆಗೂ ವಯಸ್ಸಾದ ತಾಯಿಯನ್ನು ಹಿಂದೆ ಮಲಗಿಸಿಕೊಂಡು ಹೋಗುವವನು ನಾನು. ಟೈರ್ ವಿಷಯದಲ್ಲಿ ಅಂದಾಜಿನ ಮೇಲೆ ಗಾಡಿ ಓಡಿಸಲು ನನಗೆ ಮನಸ್ಸಿಲ್ಲ.

ಹವಾ ಎಷ್ಟಿದೆ ಎಂದು ಕಿಟ್ ತೋರಿಸುತ್ತದೆ. ಎಷ್ಟಿರಬೇಕು ಎಂಬುದನ್ನು ನಾವೇ ಕಂಡುಕೊಳ್ಳಬೇಕು. ಗಾಡಿಯ ಬಾಗಿಲಿನ ಬಳಿ ಅಂಟಿಸಿರುವ ಅಂಕಿ ಸೀಟುಗಳಿದ್ದ ವ್ಯಾನ್‌ಗೆ ಬರೆದದ್ದು. ಸೀಟು ತೆಗೆದು ಮಂಚ, ಅಡುಗೆ ಕಟ್ಟೆ, ಬ್ಯಾಟರಿ, ನೀರಿನ ಟ್ಯಾಂಕ್ ಕೂರಿಸಿದ ಮೇಲೆ ಭಾರ ಬೀಳುವ ಜಾಗವೇ ಬದಲಾಗುತ್ತದೆ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಮನೆಬಳಕೆಯ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣ ಬೇರೆ. ಇನ್ನು ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡವನ್ನೇ ತುಂಬಿಸುವವರಿದ್ದಾರೆ. ಹಗುರ ಗಾಡಿಗೆ ಅಷ್ಟು ತುಂಬಿದರೆ ಟೈರ್‌ನ ನಡುಭಾಗ ಮಾತ್ರ ರಸ್ತೆಗೆ ತಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ, ಪ್ರತಿ ಗುಂಡಿಯೂ ಬೆನ್ನಿಗೆ ಬಡಿಯುತ್ತದೆ. ಕಡಿಮೆ ತುಂಬಿದರೆ ಅದಕ್ಕಿಂತ ಅಪಾಯ: ಪಕ್ಕದ ಗೋಡೆ ಸುತ್ತು ಸುತ್ತಿಗೂ ಬಾಗಿ ಒಳಗೊಳಗೇ ಕಾಯುತ್ತದೆ, ಕೊನೆಗೆ ಸಿಡಿಯುತ್ತದೆ.

ಸರಿಯಾದ ಅಂಕಿ ಸಿಗುವುದು ವೇಬ್ರಿಡ್ಜ್‌ನಲ್ಲಿ, ಅಂದರೆ ಲಾರಿಗಳನ್ನು ಸಾಮಾನಿನ ಸಮೇತ ತೂಗುವ ಕಟ್ಟೆಯಲ್ಲಿ. ತೊಗರಿಯ ಊರಾದ ಕಲಬುರಗಿಯಲ್ಲಿ ಅದಕ್ಕೆ ಕೊರತೆಯಿಲ್ಲ. ಸುಗ್ಗಿಯ ಕಾಲದಲ್ಲಿ ಲಾರಿಗಳ ಸಾಲಿರುತ್ತದೆ, ಆಗ ಹೋಗಬೇಡಿ. ನೀರು, ಡೀಸೆಲ್, ಸಾಮಾನು, ಜನ ಎಲ್ಲವೂ ಇರುವಾಗಲೇ ತೂಗಿಸಿ. ಮೊದಲು ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ, ಆಮೇಲೆ ಹಿಂದಿನವನ್ನಷ್ಟೇ. ಸಾಧ್ಯವಾದರೆ ಎಡ–ಬಲ ಬೇರೆಯಾಗಿಯೂ ನೋಡಿ, ಏಕೆಂದರೆ ಟ್ಯಾಂಕ್ ಒಂದು ಪಕ್ಕದಲ್ಲಿದ್ದರೆ ಆ ಕಡೆಯ ಟೈರ್ ಹೆಚ್ಚು ಹೊರುತ್ತದೆ. ಹೆಚ್ಚು ಭಾರವಿರುವ ಬದಿಯ ತೂಕವನ್ನು ಟೈರ್ ಕಂಪನಿಯ ಭಾರ–ಒತ್ತಡದ ಪಟ್ಟಿಯಲ್ಲಿ ಹುಡುಕಿ, ಸಿಕ್ಕ ಅಂಕಿಯನ್ನು ಆ ಆಕ್ಸಲ್‌ನ, ಅಂದರೆ ಮುಂದಿನ ಅಥವಾ ಹಿಂದಿನ ಚಕ್ರಗಳ ಜೋಡಿಯ, ಎರಡೂ ಬದಿಗೆ ಸಮನಾಗಿ ತುಂಬಬೇಕು. ನಮ್ಮ ಗಾಡಿಗೆ ಹೀಗೆ ಬಂದದ್ದು ಮುಂದೆ 50, ಹಿಂದೆ 60 ಪಿಎಸ್‌ಐ (ಹವಾ ಒತ್ತಡದ ಅಳತೆ). ಇದನ್ನು ನಿಮ್ಮ ಗಾಡಿಗೆ ನಕಲು ಮಾಡಬೇಡಿ.

ಆ 60 ಎಂಬುದು ತಣ್ಣನೆಯ ಟೈರ್‌ನ ಅಂಕಿ ಎಂಬುದು ಬಹಳ ಮುಖ್ಯ. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಡಾಂಬರು ಅದಕ್ಕಿಂತಲೂ ಕಾದಿರುತ್ತದೆ. ನಸುಕಿನಲ್ಲಿ 25 ಡಿಗ್ರಿಯಲ್ಲಿ 60 ತುಂಬಿಸಿಕೊಂಡು ಹೊರಟ ಟೈರ್‌ನೊಳಗಿನ ಗಾಳಿ ಮಧ್ಯಾಹ್ನ 60 ಡಿಗ್ರಿ ಮುಟ್ಟಿದರೆ ಒತ್ತಡ 68ರ ಆಚೀಚೆ ನಿಲ್ಲುತ್ತದೆ. ಇದು ಸಹಜ, ಟೈರ್ ಮಾಡುವವರು ಇದನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಹುಮನಾಬಾದ್ ದಾರಿಯ ಪಂಕ್ಚರ್ ಅಂಗಡಿಯಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯವರು ಕಾಳಜಿಯಿಂದಲೇ, “ಸಾಹೇಬರೇ, ಹವಾ ಬಹಳ ಆಗಿದೆ, ಸ್ವಲ್ಪ ಬಿಡಲೇ?” ಎಂದು ಕೇಳಿದ್ದರು. ಬೇಡ ಎಂದೆ. ಕಾದ ಟೈರ್‌ನಿಂದ 60ಕ್ಕೆ ಇಳಿಸಿದರೆ ಮರುದಿನ ನಸುಕಿನಲ್ಲಿ ಅದೇ ಟೈರ್ 52ಕ್ಕೆ ಬಂದು ಕೂತಿರುತ್ತದೆ. ಭಾರ ಮಾತ್ರ ಅಷ್ಟೇ ಇರುತ್ತದೆ. ನೈಟ್ರೋಜನ್ ತುಂಬಿಸಿದರೆ ಒತ್ತಡ ಏರುವುದೇ ಇಲ್ಲ ಎಂಬ ಮಾತನ್ನೂ ನಂಬಬೇಡಿ. ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ, ಕಾದರೆ ಎರಡೂ ಹಿಗ್ಗುತ್ತವೆ.

ಇಲ್ಲಿಯೇ ಕಿಟ್ ತನ್ನ ಬೆಲೆ ತೀರಿಸುತ್ತದೆ. ನಾಲ್ಕೂ ಟೈರ್ ಒಟ್ಟಿಗೆ ಏರಿದರೆ ಅದು ಬಿಸಿಲು. ಮೂರು ಏರಿ ಒಂದು ಹಿಂದೆ ಉಳಿದರೆ ಅದು ಮೊಳೆ. ಶಹಾಬಾದಿನ ಕಡೆ ಕಲ್ಲುಪುಡಿಯ ರಸ್ತೆ ದಾಟಿ ಬಂದ ಮೇಲೆ ಹಿಂದಿನ ಎಡ ಟೈರ್ ಹಾಗೆ ಹಿಂದುಳಿದದ್ದನ್ನು ಪರದೆ ತೋರಿಸಿತು. ಗಾಡಿ ಓಲಾಡುವ ಮೊದಲೇ ನಿಲ್ಲಿಸಿ ಸ್ಟೆಪ್ನಿ ಹಾಕಿದೆವು. ಎಚ್ಚರಿಕೆಯ ಕೆಳಮಿತಿಯನ್ನು ತಣ್ಣನೆಯ ಅಂಕಿಗಿಂತ ನೂರಕ್ಕೆ 15ರಷ್ಟು ಕೆಳಗೆ, ಮೇಲ್ಮಿತಿಯನ್ನು ನೂರಕ್ಕೆ 25ರಷ್ಟು ಮೇಲೆ ಇಟ್ಟಿದ್ದೇನೆ. ಅದಕ್ಕಿಂತ ಬಿಗಿಯಾಗಿ ಇಟ್ಟರೆ ನಮ್ಮ ಬೇಸಿಗೆಯಲ್ಲಿ ಸುಮ್ಮನೆ ಕೂಗುತ್ತಿರುತ್ತದೆ.

ಕೊರತೆಗಳೂ ಇವೆ. ನೇರ ಬಿಸಿಲಿನಲ್ಲಿ ಪರದೆಯ ಅಂಕಿ ಕಾಣುವುದಿಲ್ಲ. ಜೊತೆಗೆ ಬಂದ ಅಂಟುಪಟ್ಟಿ ಮೊದಲ ಬೇಸಿಗೆಯಲ್ಲೇ ಕರಗಿ ಜಾರಿತು. ಸೆನ್ಸರ್ ಹೊರಗೆ ವಾಲ್ವ್‌ನ ತುದಿಯಲ್ಲಿರುವುದರಿಂದ ಅದು ತೋರಿಸುವ ತಾಪಮಾನ ಟೈರ್‌ನ ಒಳಗಿನದ್ದಲ್ಲ, ಅದನ್ನು ನಾನು ನಂಬುವುದಿಲ್ಲ. ಒತ್ತಡದ ಅಂಕಿ ಮಾತ್ರ ನನ್ನ ಕೈಗೇಜಿಗೆ ಹತ್ತಿರವೇ ಇದೆ. ಹವಾ ತುಂಬುವಾಗಲೆಲ್ಲ ಸೆನ್ಸರ್ ಬಿಚ್ಚಬೇಕಾದ ಕಿರಿಕಿರಿಯಂತೂ ತಪ್ಪದು.

ವಾಲ್ವ್ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಕಾರುಗಳಿಗೆ ಹಾಕುವ ಸಾದಾ ರಬ್ಬರ್ ವಾಲ್ವ್‌ನ ಮಿತಿ ಸುಮಾರು 65 ಪಿಎಸ್‌ಐ. ಅದರ ತುದಿಗೆ ಸೆನ್ಸರ್‌ನ ಭಾರವೂ ಸೇರಿದರೆ ಬುಡದಲ್ಲಿ ಬಿರುಕು ಬಿಡುತ್ತದೆ. ಕಿಟ್ ಕೂರಿಸುವ ಮೊದಲು ಲೋಹದ ವಾಲ್ವ್ ಹಾಕಿಸಿ. ಕಿಟ್ ಎಷ್ಟು ಒತ್ತಡದವರೆಗೆ ಅಳೆಯುತ್ತದೆ ಎಂಬುದನ್ನೂ ಪೆಟ್ಟಿಗೆಯ ಮೇಲೆ ಓದಿ ಕೊಳ್ಳಿ, ಕಾರಿಗೆಂದು ಮಾಡಿದ ಕೆಲವು ಈ ಭಾರದ ಗಾಡಿಗೆ ಸಾಲುವುದಿಲ್ಲ. ನಾಲ್ಕರ ಬದಲು ಐದು ಸೆನ್ಸರ್ ಇರುವುದನ್ನೇ ಆರಿಸಿ. ಗಾಡಿಯ ಅಡಿಯಲ್ಲಿ ತೂಗುವ ಸ್ಟೆಪ್ನಿಯ ಹವಾ ಇಳಿದಿದ್ದರೆ ಕೆಳಗೆ ಬಗ್ಗಿ ಗೇಜ್ ಹಿಡಿಯದ ಹೊರತು ಗೊತ್ತಾಗುವುದಿಲ್ಲ.